ಸರದಿ ಸಾಹೇಬರು ಮತ್ತು ಇಪ್ಪತ್ತೆರಡು ಕೋಟುಗಳು

"ಇವತ್ತಿನಿಂದ ಈ ಮನೇಲಿ ಯಾರೂ ಪ್ರಿಂಟರ್ ಹತ್ರ ಹೋಗಬೇಕಾಗಿಲ್ಲ. ಯಾವ ಕೋಣೇಲಿ ಕೂತು ಹೇಳಿದ್ರೂ ಪ್ರಿಂಟರೇ ನಿಮ್ಮ ಮಾತು ಕೇಳುತ್ತೆ."

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ಸರದಿ ಸಾಹೇಬರು ಹೀಗೊಂದು ರಾಜಾಜ್ಞೆ ಹೊರಡಿಸಿದರು. ಕೇಳಲು ಸಭೆಯಲ್ಲಿದ್ದವರು ಇಬ್ಬರೇ. ಒಬ್ಬರು ಹೆಂಡತಿ, ಇನ್ನೊಬ್ಬರು ಹೆಂಡತಿಯ ತಾಯಿ. ಹೆಂಡತಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾವುದೋ ತೋಳಿಗೆ ನೆರಿಗೆ ಹಿಡಿಯುತ್ತಿದ್ದರಿಂದ ಮಾತಾಡುವಂತಿರಲಿಲ್ಲ. ಅತ್ತೆ ಪದಬಂಧ ಬಿಡಿಸುತ್ತಿದ್ದರಿಂದ ಮಾತಾಡುವ ಇಚ್ಛೆ ಇರಲಿಲ್ಲ. ಇಬ್ಬರ ಮೌನವನ್ನೂ ಸಾಹೇಬರು ಸರ್ವಾನುಮತದ ಒಪ್ಪಿಗೆ ಎಂದೇ ತೆಗೆದುಕೊಂಡರು.

ಸಾಹೇಬರ ಆಫೀಸಿನಲ್ಲಿ ನಾನೂರು ನೌಕರರು, ಅರವತ್ತು ಪ್ರಿಂಟರುಗಳು. ಯಾರ ಕಾಗದ ಮೊದಲು ಅಚ್ಚಾಗಬೇಕು, ಯಾರದು ಕಾಯಬೇಕು, ಯಾರದನ್ನು ಸಾಲಿನಿಂದಲೇ ಎಳೆದು ಹೊರಗೆ ಹಾಕಬೇಕು ಎಂಬುದೆಲ್ಲ ಅಲ್ಲಿನ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರಿನ ಕೈಯಲ್ಲಿ. ಆ ಯಂತ್ರ ಸಾಹೇಬರ ಕೈಯಲ್ಲಿ. ನಿರ್ದೇಶಕರ ಪತ್ರವೂ ಅಲ್ಲಿ ಸರದಿ ಬರುವವರೆಗೆ ತುಟಿಪಿಟಿಕ್ಕೆನ್ನದೆ ನಿಲ್ಲಬೇಕು. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಸರದಿ ಸಾಹೇಬರು ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದ ದಿನ ಕನ್ನಡಿಯ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತಿದ್ದರು.

ಮನೆಯಲ್ಲಿ ಮಾತ್ರ ಈ ಸಾರ್ವಭೌಮತ್ವಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಹೆಂಡತಿ ದರ್ಜಿ. ಬೀದಿಗೆ ಮುಖಮಾಡಿದ ಮುಂದಿನ ಕೋಣೆಯೇ ಅವರ ಅಂಗಡಿ, ಗಿರಾಕಿಗಳ ಬಾಯಲ್ಲಿ ಅವರು ಕತ್ತರಿ ಮೇಡಂ. ಅಳತೆ ತೆಗೆದು, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿ, ಅದನ್ನು ಹಾಳೆಗಳ ಮೇಲೆ ಅಚ್ಚು ಹಾಕಿ, ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸುವುದು ಎಂಟು ವರ್ಷದಿಂದ ಅವರ ಕ್ರಮ. ಒಂದು ಕೋಟು ಅಂದರೆ ಮೂವತ್ತು ಹಾಳೆ. ಇಪ್ಪತ್ತು ವರ್ಷದಲ್ಲಿ ಅವರು ಕತ್ತರಿಸಿದ ಬಟ್ಟೆ ಒಂದು ಸಲವೂ ಹಾಳಾಗಿರಲಿಲ್ಲ. ಅದನ್ನು ಅವರು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದಾಗ ಮಾತ್ರ ಕತ್ತರಿಯನ್ನು ಸುಮ್ಮನೆ ಒಮ್ಮೆ ಒರೆಸಿಡುತ್ತಿದ್ದರು.

ಆ ಅಂಗಡಿಯ ಕಂಪ್ಯೂಟರಿಗೂ ನಡುಮನೆಯ ಪ್ರಿಂಟರಿಗೂ ನಡುವೆ ಒಂದು ಕೇಬಲ್ಲು ನೆಲದ ಮೇಲೆ ಮಲಗಿತ್ತು. ಅತ್ತೆ ಅದಕ್ಕೆ ಎರಡು ಸಲ ಎಡವಿದ್ದರು. ಮೂರನೆಯ ಸಲ ಎಡವಿ, ಗೋಡೆ ಹಿಡಿದು ನಿಂತು, "ಅಳಿಯಂದಿರೇ, ಈ ಹಗ್ಗ ನನಗೆ ಅಂತಲೇ ಕಟ್ಟಿದ್ದೀರಾ?" ಎಂದು ತುಂಬಾ ಮೃದುವಾಗಿ ಕೇಳಿದ್ದರು. ರಾಜಾಜ್ಞೆಯ ಮೂಲ ಆ ಮೃದುತ್ವ.

ಆಫೀಸಿನವರು ಬೇಡವೆಂದು ಬಿಟ್ಟ ಒಂದು ದೊಡ್ಡ ಲೇಸರ್ ಪ್ರಿಂಟರು ಮನೆಗೆ ಬಂತು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಹಳೆಯ ಯುನಿಕ್ಸ್ ಯಂತ್ರವೊಂದು ಪ್ರತಿಷ್ಠಾಪನೆಗೊಂಡಿತು. ಸಾಹೇಬರು ತೋಳು ಮಡಿಸಿ, ಕಪ್ಪು ಪರದೆಯ ಮುಂದೆ ಕುಳಿತು ಆಜ್ಞೆಗಳನ್ನು ಕುಟ್ಟಿದರು. ಪ್ರಿಂಟರಿನ ವಿಳಾಸ ಬರೆದರು, ಅಚ್ಚಿಗೆ ಬಂದ ಕೆಲಸಗಳು ಸರದಿ ಕಾಯಲು ಅದಕ್ಕೊಂದು ಸಾಲು ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಕಡೆ ಕೂಗಿ, "ಹೂಂ, ಕಳಿಸು" ಎಂದರು.

ಹೆಂಡತಿ ಒಂದು ಜೇಬಿನ ನಕ್ಷೆ ಕಳಿಸಿದರು. ಏನೂ ಬರಲಿಲ್ಲ.

"ಕಳಿಸಿದ್ಯಾ?"

"ಕಳಿಸ್ದೆ."

"ಇನ್ನೊಂದ್ಸಲ ಕಳಿಸು."

ಹೀಗೆ ಹದಿನಾಲ್ಕು ಸಲ ಕಳಿಸಿದ ಮೇಲೆ ಸಾಹೇಬರಿಗೆ ಹೊಳೆಯಿತು. ಸಾಲಿಗೆ ಎರಡು ಬಾಗಿಲು. ಕೆಲಸವನ್ನು ಒಳಗೆ ಸೇರಿಸಿಕೊಳ್ಳುವ ಬಾಗಿಲು ಒಂದು, ಅದನ್ನು ಪ್ರಿಂಟರಿಗೆ ಬಿಡುವ ಬಾಗಿಲು ಇನ್ನೊಂದು. ಸಾಹೇಬರು ಮೊದಲನೆಯದನ್ನು ತೆಗೆದು ಎರಡನೆಯದನ್ನು ಮರೆತಿದ್ದರು. ಈಗ ತೆಗೆದರು. ಹದಿನಾಲ್ಕು ಜೇಬುಗಳು ಒಂದರ ಹಿಂದೊಂದು ಹೊರಬಂದು ನೆಲದ ಮೇಲೆ ಹರಡಿಕೊಂಡವು.

"ಇಷ್ಟು ಜೇಬು ಇರೋ ಕೋಟು ಯಾರಿಗೆ?" ಎಂದರು ಅತ್ತೆ.

"ಅತ್ತೆ, ಇದಕ್ಕೆ ಪರೀಕ್ಷಾ ಹಂತ ಅಂತಾರೆ."

ಪರೀಕ್ಷಾ ಹಂತದ ಎರಡನೆಯ ಬಲಿ ಅತ್ತೆಯೇ. ಅವರು ತಮ್ಮ ಟ್ಯಾಬಿನಿಂದ ಕಳಿಸಿದ ಪದಬಂಧ ಅಂಚಿನ ಒಂದು ಸಾಲು ಮನೆಗಳನ್ನೇ ಕಳೆದುಕೊಂಡು ಬಂತು. ಈ ಪ್ರಿಂಟರಿಗೆ ಕಾಗದದ ತುದಿಯವರೆಗೆ ಅಚ್ಚು ಹಾಕಲು ಬರುತ್ತಿರಲಿಲ್ಲ. ಸಾಹೇಬರು ಒಂದು ಚಿಟಿಕೆ ಹೊಡೆದು, ಅತ್ತೆಗೆಂದೇ ಬೇರೊಂದು ಸಾಲು ಕಟ್ಟಿ, ಅದಕ್ಕೆ 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆಯನ್ನು ಶಾಶ್ವತವಾಗಿ ಅಂಟಿಸಿದರು. ಇನ್ನು ಏನು ಕಳಿಸಿದರೂ ಯಂತ್ರವೇ ಅದನ್ನು ಒಂದಿಷ್ಟು ಕುಗ್ಗಿಸಿ ಹಾಳೆಯೊಳಗೆ ಕೂರಿಸುತ್ತದೆ. ಪದಬಂಧ ಸರ್ವಾಂಗ ಸಹಿತ ಬಂತು. ಅತ್ತೆ ಏನೂ ಹೇಳಲಿಲ್ಲ. ಅವರ ಮಟ್ಟಿಗೆ ಅದು ಬಹುಮಾನವೇ.

ಆಮೇಲೆ ಮೂವರಿಗೂ ಬೇರೆ ಬೇರೆ ಸಾಲು ಇರಲಿ ಎಂದು ಸಾಹೇಬರು ನಿರ್ಧರಿಸಿದರು. ಮೂರು ಸಾಲು, ಒಂದೇ ಪ್ರಿಂಟರು. ಹೆಂಡತಿಯ ಸಾಲನ್ನು ಮೊದಲಿನಿಂದ ಕಟ್ಟಲು ಎರಡು ನಿಮಿಷ ಬೇಕಿತ್ತು. ಅತ್ತೆಯದನ್ನೇ ನಕಲು ಮಾಡಿ ಹೆಸರು ಬದಲಾಯಿಸಿದರೆ ಅರ್ಧ ನಿಮಿಷ. ಅನುಭವಿಗಳು ಯಾವಾಗಲೂ ಅರ್ಧ ನಿಮಿಷದ ದಾರಿಯನ್ನೇ ಹಿಡಿಯುತ್ತಾರೆ.

ಹೆಂಡತಿಯ ಸಾಲಿನಲ್ಲಿ ಇನ್ನೊಂದು ಸುಧಾರಣೆಯೂ ಆಯಿತು. ಪ್ರತಿ ನಕ್ಷೆಯ ಮೊದಲ ಹಾಳೆಯಲ್ಲಿ ಒಂದು ಚೌಕ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

"ಈ ಖಾಲಿ ಡಬ್ಬಿ ಯಾಕೆ? ಪ್ರತಿ ಸಲ ಒಂದು ಹಾಳೆ ದಂಡ."

"ಅದು ಹತ್ತು ಸೆಂಟಿಮೀಟರ್ ಚೌಕ ರೀ. ಅಚ್ಚು ಸರಿಯಾದ ಅಳತೇಲಿ ಬಂದಿದ್ಯಾ ಅಂತ ನೋಡೋದಕ್ಕೆ."

"ಎಂಟು ವರ್ಷದಿಂದ ನೋಡ್ತಿದ್ದೀಯಲ್ಲ, ಯಾವತ್ತಾದ್ರೂ ಹನ್ನೊಂದು ಬಂದಿದ್ಯಾ?"

"ಇಲ್ಲ."

"ಒಂಬತ್ತು?"

"ಇಲ್ಲಪ್ಪ."

"ಮತ್ತೆ? ಯಂತ್ರಕ್ಕೆ ಅವಮಾನ ಮಾಡ್ತಿದ್ದೀಯಾ ನೀನು."

ಹೆಂಡತಿ ನಕ್ಕು ಬಿಟ್ಟರು. ಸಾಹೇಬರು ಆ ಸಾಲಿಗೆ, ಎರಡನೆಯ ಹಾಳೆಯಿಂದ ಮಾತ್ರ ಅಚ್ಚು ಹಾಕು ಎಂದು ಅಪ್ಪಣೆ ಮಾಡಿ ಕಪಾಟಿನ ಬಾಗಿಲು ಮುಚ್ಚಿದರು.

ಅದೇ ವಾರ ಹೆಂಡತಿಗೆ ಅವರ ಬದುಕಿನಲ್ಲೇ ದೊಡ್ಡ ಕೆಲಸ ಬಂತು. ಊರಿನ ಗಾಯನ ಮೇಳ ತಿಂಗಳೊಪ್ಪತ್ತಿನಲ್ಲಿ ಸ್ಪರ್ಧೆಗೆ ಹೊರಟಿತ್ತು. ಇಪ್ಪತ್ತೆರಡು ಗಾಯಕರಿಗೆ ಇಪ್ಪತ್ತೆರಡು ನೀಲಿ ಕೋಟು. ಮೇಳದ ಮೇಷ್ಟರು, "ಬೇರೆ ಮೂರು ಜನ ದರ್ಜಿಗಳು ಕೇಳಿದ್ರು ಮೇಡಂ. ನಿಮ್ಮ ಕೈ ನಂಬಿ ಬಂದಿದ್ದೀನಿ" ಎಂದರು. ಹೆಂಡತಿ ಕತ್ತರಿಯನ್ನು ಎರಡು ಸಲ ಒರೆಸಿದರು.

ಮೊದಲ ಆರು ಕೋಟುಗಳನ್ನು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಹಾಕಿ ನೋಡಲು ಗಾಯಕರನ್ನು ಕರೆಸಿದರು. ಎಲ್ಲರಿಗಿಂತ ಮುಂಚೆ ಬಂದವರು ಮೇಳದಲ್ಲಿ ಅತಿ ಕೆಳಗಿನ ಸ್ವರ ಹಿಡಿಯುವ ಬೇಕರಿಯವರು. ಕೋಟಿನೊಳಗೆ ಅವರ ಕೈಗಳು ಹೋದವು, ಭುಜಗಳು ಹೋದವು, ಹೊಟ್ಟೆಯ ಹತ್ತಿರ ಎರಡು ಅಂಚುಗಳು ಜಗಳವಾಡಿದ ದಾಯಾದಿಗಳಂತೆ ದೂರ ದೂರ ನಿಂತವು.

"ಉಸಿರು ಎಳ್ಕೊಳಿ," ಎಂದರು ಹೆಂಡತಿ.

"ಎಳ್ಕೊಂಡೇ ಇದೀನಿ ಮೇಡಂ."

ಗುಂಡಿ ಹೇಗೋ ಸಿಕ್ಕಿಕೊಂಡಿತು. ಆದರೆ ಬೇಕರಿಯವರ ಬಾಯಿಂದ ಸ್ವರ ಹೊರಡಲಿಲ್ಲ. ಕೊನೆಗೆ ಅವರೇ ನಾಚಿಕೊಂಡು, "ನಿಮ್ಮದೇನೂ ತಪ್ಪಿಲ್ಲ ಮೇಡಂ. ನಾನೇ ಈಚೆಗೆ ಸ್ವಲ್ಪ ಅಂಗಡಿ ಮಾಲು ಜಾಸ್ತಿ ರುಚಿ ನೋಡ್ದೆ" ಎಂದರು. ಎರಡನೆಯವರು, ತೆಳ್ಳಗಿನ ಗಣಿತದ ಟೀಚರು, ಕೋಟು ಹಾಕಿಕೊಂಡು ಕೈ ಎತ್ತಲು ಹೋದರೆ ಬೆನ್ನಿನ ಹೊಲಿಗೆ ಚಟಚಟ ಎಂದಿತು. ಆರೂ ಜನರದ್ದು ಅದೇ ಕತೆ. ಸುದ್ದಿ ತಿಳಿದ ಮೇಷ್ಟರು ಕೆಂಡವಾದರು. ದಿನಾ ಬೆಳಿಗ್ಗೆ ಆರು ಗಂಟೆಗೆ ಇಡೀ ಮೇಳ ಕೆರೆಯ ಸುತ್ತ ಮೂರು ಸುತ್ತು ಓಡಬೇಕು, ಕರಿದದ್ದು ಸಿಹಿಯಾದದ್ದು ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆಯಾಯಿತು.

ಬೇಕರಿಯವರು ತಾವು ಬೇಯಿಸಿದ ಕೇಕಿನ ಕಡೆ ತಾವೇ ಬೆನ್ನು ಮಾಡಿ ನಿಂತು ವ್ಯಾಪಾರ ಮಾಡತೊಡಗಿದರು.

ಹೆಂಡತಿ ಮಾತ್ರ ಗಾಯಕರ ಹೊಟ್ಟೆಯನ್ನು ನಂಬಲಿಲ್ಲ. ಎಲ್ಲರ ಅಳತೆಯನ್ನೂ ಮತ್ತೆ ತೆಗೆದರು. ಒಂದು ಕೂದಲೆಳೆಯೂ ಬದಲಾಗಿರಲಿಲ್ಲ. ಟೇಪನ್ನು ಉಕ್ಕಿನ ಅಳತೆಪಟ್ಟಿಯ ಪಕ್ಕ ಇಟ್ಟು ನೋಡಿದರು. ಬಟ್ಟೆಯ ಚೂರೊಂದನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಕುಗ್ಗುತ್ತದೆಯೇ ಎಂದು ನೋಡಿದರು. ಕೊನೆಗೆ ಕಣ್ಣಿನ ವೈದ್ಯರ ಹತ್ತಿರ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದರು. ಕನ್ನಡಕ ಹಾಕಿಕೊಂಡು ಇನ್ನೂ ಎರಡು ಕೋಟು ಕತ್ತರಿಸಿದರು. ಅವೂ ಬಿಗಿ.

"ಆ ಕಾಗದಾನ ಒಂದ್ಸಲ ಅಳೆದು ನೋಡೇ," ಎಂದರು ಅತ್ತೆ. ಮಗಳಿಗೆ ಕತ್ತರಿ ಹಿಡಿಯಲು ಕಲಿಸಿದವರು ಅವರೇ.

ಹೆಂಡತಿ ಅಳತೆಪಟ್ಟಿಗೆ ಕೈ ಹಾಕಿದ್ದರು. ಸಾಹೇಬರು ಅಡ್ಡ ಬಂದರು. "ಅತ್ತೆ, ಟೇಪು ತಪ್ಪಬಹುದು, ಕಣ್ಣು ತಪ್ಪಬಹುದು. ಈ ಪ್ರಿಂಟರನ್ನ ನಾನೇ ಕೂತು ಹೊಂದಿಸಿದ್ದೀನಿ. ಆ ಕಡೆ ತಲೆ ಕೆಡಿಸ್ಕೊಳ್ಳೋದೇ ಬೇಡ."

"ಹೌದಮ್ಮ, ಇವರೇ ನೋಡಿದಾರಲ್ಲ," ಎಂದು ಹೆಂಡತಿ ಅಳತೆಪಟ್ಟಿಯನ್ನು ಕೆಳಗಿಟ್ಟರು. ಗಂಡನ ಮೇಲೆ ಹೆಂಡತಿಗೆ ಇರುವ ನಂಬಿಕೆ ಎಷ್ಟು ಅಪಾಯಕಾರಿ ವಸ್ತು ಎಂಬುದು ಸಾಹೇಬರಿಗೆ ಆಗ ಗೊತ್ತಿರಲಿಲ್ಲ.

ಅಂದು ಸಂಜೆ ಅವರು ಚಹಾ ಲೋಟ ಹಿಡಿದು ಅಂಗಡಿಗೆ ಬಂದಾಗ ಹೆಂಡತಿ ಮೇಜಿನ ಮೇಲೆ ತಮ್ಮ ಬಲಗೈ ಚಾಚಿಕೊಂಡು ಅದನ್ನೇ ನೋಡುತ್ತ ಕೂತಿದ್ದರು.

"ರೀ, ನನ್ನ ಕೈ ಹೋಯ್ತು ಅನ್ಸುತ್ತೆ."

"ಏನು ಹೋಯ್ತು? ಇಲ್ಲೇ ಇದ್ಯಲ್ಲ."

"ತಮಾಷೆ ಬೇಡ. ಮೇಳದ್ದು ಹೇಗೋ ಮುಗಿಸಿಬಿಡ್ತೀನಿ. ಆಮೇಲೆ ಬೋರ್ಡು ಇಳಿಸಿಬಿಡೋಣ. ತಪ್ಪು ಕತ್ತರಿಸೋಳು ಅನ್ನಿಸ್ಕೊಂಡು ಕೂತ್ಕೊಳ್ಳೋಕೆ ನಂಗಾಗಲ್ಲ."

ಸಾಹೇಬರು ಸಮಾಧಾನ ಹೇಳಿದರು, ಧೈರ್ಯ ಹೇಳಿದರು, ವಯಸ್ಸಾದರೆ ಎಲ್ಲರಿಗೂ ಹೀಗೆ ಆಗುತ್ತದೆ ಎಂದೂ ಹೇಳಿದರು. ಕೊನೆಯ ಮಾತು ಹೇಳಬಾರದಿತ್ತು.

ಮರುದಿನ ಮಂಗಳವಾರ. ಆಫೀಸಿನಲ್ಲಿ ಎಂಜಿನಿಯರೊಬ್ಬರು ಒಂದು ನಕ್ಷೆ ಹಿಡಿದು ಸಾಹೇಬರ ಮೇಜಿಗೆ ಬಂದರು. "ಸಾರ್, ಇದರಲ್ಲಿ ಕೊಳವೆ ಅಳತೆ ಚಿಕ್ಕದಾಗಿ ಬರ್ತಿದೆ. ಪ್ರಿಂಟರ್ ಕೆಟ್ಟಿರಬೇಕು."

ಸಾಹೇಬರಿಗೆ ಇಂಥ ಗಳಿಗೆಯೆಂದರೆ ಹಬ್ಬದೂಟ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಪ್ರಿಂಟರ್ ಯಾಕ್ರೀ ಕೆಡುತ್ತೆ? ಕೆಟ್ಟಿರೋದು ನಿಮ್ಮ ಬುದ್ಧಿ. 'ಪುಟಕ್ಕೆ ಹೊಂದಿಸು' ಅಂತ ಯಾರಾದ್ರೂ ಅಳತೆ ನಕ್ಷೆಗೆ ಹಾಕ್ತಾರಾ? ಅದು ಎಲ್ಲಾನೂ ಶೇಕಡಾ ಆರರಷ್ಟು ಕುಗ್ಗಿಸಿಬಿಡುತ್ತೆ. ಅದಕ್ಕೇ ಮೊದಲು ಒಂದು ಚೌಕ ಅಚ್ಚು ಹಾಕಿ, ಅಳತೆಪಟ್ಟಿ ಇಟ್ಟು..."

ಅಲ್ಲಿಗೆ ಸಾಹೇಬರ ಬಾಯಿ ತೆರೆದಂತೆಯೇ ನಿಂತಿತು.

"ಅಳತೆಪಟ್ಟಿ ಇಟ್ಟು, ಆಮೇಲೆ ಸಾರ್?" ಎಂದರು ಎಂಜಿನಿಯರು, ಕೈಯಲ್ಲಿ ಪೆನ್ನು ಹಿಡಿದುಕೊಂಡು.

ಸಾಹೇಬರು ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದರು. ಹೆಂಡತಿ ಗುಂಡಿ ತರಲು ಹೊರಗೆ ಹೋಗಿದ್ದರು, ಅತ್ತೆಗೆ ಜೋಂಪು ಹತ್ತಿತ್ತು. ಮೊದಲ ಹಾಳೆಯ ತಡೆಯನ್ನು ಆ ಒಂದು ಸಲಕ್ಕೆ ಸಡಿಲಿಸಿ, ಹೆಂಡತಿಯ ಸಾಲಿನಲ್ಲಿ ಆ ಚೌಕವನ್ನು ಅಚ್ಚು ಹಾಕಿ ಅಳೆದರು. ಒಂಬತ್ತು ಪಾಯಿಂಟ್ ನಾಲ್ಕು. ಅರ್ಧ ನಿಮಿಷ ಉಳಿಸಲು ಅತ್ತೆಯ ಸಾಲನ್ನು ನಕಲು ಮಾಡಿದ್ದು ನೆನಪಾಯಿತು. ಪದಬಂಧಕ್ಕೆ ಹಾಕಿದ ಲಂಗೋಟಿಯನ್ನೇ ಇಡೀ ಗಾಯನ ಮೇಳಕ್ಕೆ ತೊಡಿಸಿದ್ದರು ಸಾಹೇಬರು. ನೂರು ಸೆಂಟಿಮೀಟರ್ ಎದೆಗೆ ತೊಂಬತ್ತನಾಲ್ಕರ ಕೋಟು.

ಮರ್ಯಾದಸ್ಥನಾದ ಗಂಡ ಆಗ ಏನು ಮಾಡಬೇಕಿತ್ತು ಎಂಬುದು ಓದುಗರಿಗೆ ಗೊತ್ತು. ಸಾಹೇಬರಿಗೂ ಗೊತ್ತಿತ್ತು. ಆದರೆ ಅರವತ್ತು ಪ್ರಿಂಟರುಗಳ ಒಡೆಯನೆಂಬ ಬಿರುದು ಗಂಟಲಲ್ಲಿ ಅಡ್ಡ ಕೂತಿತ್ತು. ಒಂದೇ ಒಂದು ಆಜ್ಞೆ ಕುಟ್ಟಿ ಹೆಂಡತಿಯ ಸಾಲಿನಿಂದ 'ಪುಟಕ್ಕೆ ಹೊಂದಿಸು' ಎಂಬುದನ್ನು ಕಿತ್ತು ಹಾಕಿದರು. ಚೌಕದ ಹಾಳೆಯನ್ನು ಎಂಟು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು. ಇನ್ನು ಮೇಲೆ ಕೋಟುಗಳು ಸರಿಯಾಗಿ ಬರುತ್ತವೆ, ಹೆಂಡತಿಗೆ ಧೈರ್ಯ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಕೈ ತೊಳೆದುಕೊಂಡು, ಶಿಳ್ಳೆ ಹಾಕುತ್ತ ಆಫೀಸಿಗೆ ಮರಳಿದರು.

ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅದೇ ಮಂಗಳವಾರ ಗುಂಡಿ ತೆಗೆದುಕೊಂಡು ಬರುವ ದಾರಿಯಲ್ಲಿ ಹೆಂಡತಿಯೂ ಒಂದು ತೀರ್ಮಾನಕ್ಕೆ ಬಂದಿದ್ದರು. ತನ್ನ ಕೈ ಆರು ಸೆಂಟಿಮೀಟರ್ ಕಡಿಮೆ ಕತ್ತರಿಸುತ್ತಿದೆ ತಾನೇ? ಹಾಗಾದರೆ ಆರು ಸೆಂಟಿಮೀಟರ್ ಜಾಸ್ತಿ ಸೇರಿಸಿಯೇ ನಕ್ಷೆ ಬಿಡಿಸಿದರಾಯಿತು.

ಶನಿವಾರ ಮಧ್ಯಾಹ್ನ ಹೊಸ ಕೋಟುಗಳನ್ನು ಹಾಕಿ ನೋಡಲು ಬೇಕರಿಯವರೂ ಗಣಿತದ ಟೀಚರೂ ಬಂದರು. ಕೆರೆಯ ಸುತ್ತ ಓಡಿ ಓಡಿ, ಸಿಹಿ ಬಿಟ್ಟು ಬಿಟ್ಟು ಇಬ್ಬರೂ ಇಳಿದುಹೋಗಿದ್ದರು. ಬೇಕರಿಯವರಿಗೆ ಈ ಸಲದ ಕೋಟು ಎಷ್ಟು ಸಡಿಲವೆಂದರೆ ಅವರು ತಿರುಗಿದರೂ ಅದು ತಿರುಗಲಿಲ್ಲ. ಗಣಿತದ ಟೀಚರು ತೋಳಿನೊಳಗೆ ತಮ್ಮ ಕೈಬೆರಳುಗಳನ್ನು ಹುಡುಕುತ್ತಿದ್ದರು.

"ಮೇಡಂ," ಎಂದರು ಬೇಕರಿಯವರು ಕುಗ್ಗಿದ ದನಿಯಲ್ಲಿ, "ಜಾಸ್ತಿ ಓಡಿಬಿಟ್ವಾ?"

ಹೆಂಡತಿ ಇಬ್ಬರನ್ನೂ ಕಳಿಸಿಕೊಟ್ಟು, ಕತ್ತರಿಯನ್ನು ಅದರ ಚೀಲಕ್ಕೆ ಹಾಕಿ ದಾರ ಬಿಗಿದರು. ಆಮೇಲೆ ಫೋನು ಕೈಗೆತ್ತಿಕೊಂಡರು.

"ಯಾರಿಗೆ?" ಎಂದರು ಸಾಹೇಬರು.

"ಮೇಳದ ಮೇಷ್ಟರಿಗೆ. ಇನ್ನೂ ಎರಡು ವಾರ ಇದೆ, ಬೇರೆ ದರ್ಜೀನ ನೋಡ್ಕೊಳ್ಳಲಿ. ಒಂದ್ಸಲ ಚಿಕ್ಕದು, ಒಂದ್ಸಲ ದೊಡ್ಡದು. ಇನ್ನು ನನ್ನ ಕೈಯನ್ನ ನಾನೇ ನಂಬಲ್ಲ ರೀ."

ಫೋನಿನ ಆ ಕಡೆ ಗಂಟೆ ಹೊಡೆಯುವುದು ಸಾಹೇಬರಿಗೂ ಕೇಳಿಸಿತು. ಎರಡನೆಯ ಗಂಟೆಗೆ ಅವರು ಫೋನು ಕಿತ್ತುಕೊಂಡು ಆರಿಸಿದರು. ಜೇಬಿನಿಂದ ಎಂಟು ಮಡಿಕೆಯ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು.

"ನಿನ್ನ ಕೈ ಅಲ್ಲ. ನಂದು," ಎಂದರು.

ಅತ್ತೆ ಪದಬಂಧ ಬಿಟ್ಟು ಎದ್ದು ಬಂದರು. ಉಕ್ಕಿನ ಅಳತೆಪಟ್ಟಿಯನ್ನು ಚೌಕದ ಮೇಲಿಟ್ಟು, ಬಗ್ಗಿ ನೋಡಿ, ಮಗಳ ಕಡೆ ತಿರುಗಿಸಿದರು. ಸಾಹೇಬರು ಪುಟಕ್ಕೆ ಹೊಂದಿಸಿದ್ದು, ನಕಲು ಮಾಡಿದ್ದು, ಮೊದಲ ಹಾಳೆ ಕಿತ್ತದ್ದು, ಕದ್ದು ಸರಿಪಡಿಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದರು. ಹೆಂಡತಿ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವತ್ತು ಗೊತ್ತಾಯ್ತು ನಿಮಗೆ?"

"ಮಂಗಳವಾರ."

"ಇವತ್ತೇನು?"

"ಶನಿವಾರ."

ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಂಡರು, ಆಮೇಲೆ ಚೀಲದ ದಾರ ಬಿಚ್ಚಿ ಕತ್ತರಿ ಹೊರಗೆ ತೆಗೆದರು. ಹಳೆಯ ಬಿಗಿ ಕೋಟುಗಳನ್ನು ತೂಗುಹಾಕಿ, ಗಾಯಕರನ್ನೆಲ್ಲ ಮತ್ತೆ ಕರೆಸಿ ಹೊಸದಾಗಿ ಅಳತೆ ತೆಗೆದರು. ಓಡಿ ಇಳಿದಿದ್ದವರಲ್ಲಿ ಐದು ಜನಕ್ಕೆ ಬಿಗಿ ಕೋಟುಗಳೇ ಹೇಳಿ ಮಾಡಿಸಿದಂತೆ ಕೂತವು. ಸಡಿಲದವನ್ನು ಒಳಗೆ ಹಿಡಿದರು. ಉಳಿದವನ್ನು ಹೊಸದಾಗಿ ಕತ್ತರಿಸಿದರು. ಒಂದೊಂದೂ ಮೈಮೇಲೆ ಹುಟ್ಟಿ ಬೆಳೆದಂತೆ ಬಂತು. ಈಗ ಪ್ರತಿ ನಕ್ಷೆಯ ಮೊದಲ ಹಾಳೆ ತಪ್ಪದೆ ಅಚ್ಚಾಗುತ್ತಿತ್ತು, ಅದನ್ನು ಅಳೆಯುವ ಕೆಲಸ ಅತ್ತೆಯದಾಗಿತ್ತು.

ಕೋಟುಗಳು ಮುಗಿದರೂ ಒಂದು ಮಾತು ಉಳಿದಿತ್ತು. ಕತ್ತರಿ ಮೇಡಂ ಕೈ ತಪ್ಪುತ್ತಿದೆಯಂತೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಮೇಷ್ಟರೇ ಬಂದು ಅದನ್ನು ಹೇಳಿ ಹೋದರು.

"ಅಷ್ಟೇನಾ? ಇಪ್ಪತ್ತೆರಡು ಜನಕ್ಕೂ ಒಂದು ಪತ್ರ ಕಳಿಸೋಣ," ಎಂದರು ಸಾಹೇಬರು ಹುರುಪಿನಿಂದ. ಕೂತು ಘನವಾದ ಪತ್ರವೊಂದನ್ನು ಟೈಪು ಮಾಡಿದರು. 'ಅನಿವಾರ್ಯ ತಾಂತ್ರಿಕ ಕಾರಣಗಳಿಂದಾಗಿ ಉಡುಪುಗಳ ಪ್ರಮಾಣದಲ್ಲಿ ಉಂಟಾದ ಅಲ್ಪ ವ್ಯತ್ಯಯಕ್ಕೆ ವಿಷಾದಿಸಲಾಗಿದೆ.'

ಹೆಂಡತಿ ಅದನ್ನು ಪರದೆಯ ಮೇಲೆ ಎರಡು ಸಲ ಓದಿದರು. "ಇದರಲ್ಲಿ ಯಾರು ತಪ್ಪು ಮಾಡಿದ್ದು ಅಂತಾನೇ ಇಲ್ಲವಲ್ಲ?"

"ಕಚೇರಿ ಭಾಷೆ ಹಾಗೇ ಇರೋದು."

"ಹೌದಾ." ಮೆಟ್ಟಿಲ ಕೆಳಗಿನ ಕಪಾಟಿನ ಕಡೆ ತಿರುಗಿ ಕೇಳಿದರು, "ರೀ, ಈ ಸಾಲನ್ನ ಯಾರು ಬಳಸಬಹುದು, ಯಾರು ಬಳಸಬಾರದು ಅಂತ ಯಂತ್ರಕ್ಕೆ ಹೇಳೋಕಾಗುತ್ತಾ?"

ಸಾಹೇಬರ ಮುಖ ಅರಳಿತು. ಮದುವೆಯಾದಂದಿನಿಂದ ಹೆಂಡತಿ ಅವರ ವಿದ್ಯೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಕಪಾಟಿನ ಮುಂದೆ ಅವರನ್ನು ಕೂರಿಸಿ, ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿಕೊಟ್ಟರು. ಮೂರೂ ಸಾಲಿಗೆ ಮೂರು ಸಲ ಹೇಳಬೇಕು ಎಂದರು. ಅಡ್ಡಗೆರೆ ಬಿಟ್ಟಾಗ ತಿದ್ದಿದರು. "ಕೊನೇಲಿ ಯಾರನ್ನ ತಡೀಬೇಕೋ ಅವರ ಹೆಸರು ಹಾಕಿದ್ರಾಯ್ತು" ಎಂದು ಹೇಳಿ, ಬೆನ್ನು ತಟ್ಟಿ, ಪತ್ರ ಅಚ್ಚು ಹಾಕಲು ತಮ್ಮ ಮೇಜಿಗೆ ಹೋದರು.

ಇಪ್ಪತ್ತೆರಡು ಪ್ರತಿ ಎಂದು ಆಜ್ಞೆ ಕೊಟ್ಟರು. ಪರದೆಯ ಮೇಲೆ ಉತ್ತರ ಬಂತು: ಈ ಬಳಕೆದಾರರಿಗೆ ಅಚ್ಚು ಹಾಕಲು ಅನುಮತಿ ಇಲ್ಲ.

ಸಾಹೇಬರು ಇನ್ನೊಂದು ಸಾಲಿಗೆ ಕಳಿಸಿ ನೋಡಿದರು. ಮೂರನೆಯದಕ್ಕೂ ಕಳಿಸಿದರು. ಮೂರೂ ಕಡೆ ಅದೇ ಉತ್ತರ. ಈ ತಡೆಯನ್ನು ಕಿತ್ತು ಹಾಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಬೆರಳುಗಳು ಆಗಲೇ ಕೀಲಿಗಳ ಮೇಲೆ ಇಳಿದಿದ್ದವು. ಅಷ್ಟರಲ್ಲಿ ಹೆಂಡತಿ ಬಂದು ಪಕ್ಕದಲ್ಲಿ ನಿಂತರು. ಸಾಹೇಬರು ಅವರ ಮುಖ ನೋಡಿ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡರು.

ಹೆಂಡತಿ ಮೇಜಿನ ಮೇಲೆ ಒಂದು ಕಟ್ಟು ಬಿಳಿ ಹಾಳೆ, ಒಂದು ಪೆನ್ನು ಇಟ್ಟರು.

"ನನ್ನ ಕೈ ತಪ್ಪಿಲ್ಲ ಅಂತ ನಿಮ್ಮ ಕೈಯಲ್ಲೇ ಬರೀರಿ. ಇಪ್ಪತ್ತೆರಡು."

ಸಾಹೇಬರು ಬರೆದರು. ಎಲ್ಲ ಪತ್ರಗಳೂ ಅತ್ತೆಯ ಮುಂದೆ ಹಾದೇ ಲಕೋಟೆ ಸೇರಬೇಕೆಂದು ಗೊತ್ತುಮಾಡಲಾಗಿತ್ತು. ಒಂಬತ್ತನೆಯದನ್ನು ಅವರು ಬೆಳಕಿಗೆ ಹಿಡಿದು ನೋಡಿ, ಉಕ್ಕಿನ ಪಟ್ಟಿಯಿಂದ ಮೆಲ್ಲಗೆ ವಾಪಸು ತಳ್ಳಿದರು.

"ಇದನ್ನ ಇನ್ನೊಂದ್ಸಲ ಬರೀರಿ ಅಳಿಯಂದಿರೇ. 'ತಪ್ಪು ನನ್ನದು' ಅನ್ನೋ ಕಡೆ ಅಕ್ಷರ ಕುಗ್ಗಿದೆ."